ಮೂರು ಬಣ್ಣದ ಸ್ವೆಟರು

ಅರಸೀಕೆರೆ
೯ ಡಿಸೆಂಬರ್ ೨೦೨೪

ಚಿ. ಅರುಣಾಳಿಗೆ ಅಪ್ಪನ ಆಶೀರ್ವಾದಗಳು.

ಮೊದಲು ಲೆಕ್ಕ, ಆಮೇಲೆ ಜಗಳ.

ನಿನ್ನ ಶಾಲೆಯ ನಾಲ್ಕನೇ ಮತ್ತು ಐದನೇ ತರಗತಿಯ ಅಷ್ಟೂ ಮಕ್ಕಳಿಗೆ ಸ್ವೆಟರು: ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಕೊಬ್ಬರಿಯ ಬೆಲೆ. ಹಾಸನದಿಂದ ತರಿಸಿದ ಬಾಡಿಗೆ: ಬೈದುಕೊಂಡೇ ಕೊಟ್ಟೆ. ಮೂರು ಬಣ್ಣ ಬೇಕೆಂದದ್ದಕ್ಕೆ ಅಂಗಡಿಯವನು ಮೇಲೆ ಹಾಕಿದ್ದು: ನಿನ್ನಮ್ಮನಿಗೆ ಹೇಳಿಲ್ಲ. ಅಳತೆಗೆಂದು ನಿಮ್ಮ ಹೆಡ್‌ಮಾಸ್ಟರ್ ಕುಮಾರಸ್ವಾಮಿಯವರ ಹತ್ತಿರ ಫೋನಿನಲ್ಲಿ ಕಳೆದ ಹೊತ್ತು: ಲೋಕದಲ್ಲಿ ನನಗಿಂತ ಹೆಚ್ಚು ಮಾತಾಡುವವರೂ ಇದ್ದಾರೆಂದು ತಿಳಿದ ಸಂಕಟ. ಇದಿಷ್ಟು ಖರ್ಚು. ಜಮೆಯ ಕಡೆ ಬಂದದ್ದು ಒಂದು ಫೋಟೊ. ನಡುವೆ ಹೆಡ್‌ಮಾಸ್ಟರು, ಸುತ್ತ ಮಕ್ಕಳು, ಎಲ್ಲರೂ ಬೆಚ್ಚಗೆ. ಮಗಳಿಂದ ಒಂದು ಫೋನೂ ಇಲ್ಲ. ನಾನು ಮಾಡಿದರೆ ಎತ್ತುವುದೂ ಇಲ್ಲ.

ಗೌರಿಹಬ್ಬಕ್ಕೆ ಬಂದಾಗ ನೀನು ಅಂದದ್ದು ನೆನಪಿದೆ: “ಫೋನಲ್ಲಿ ನೀವು ಮಾತಾಡ್ತೀರಿ, ನಾನು ಹೂಂ ಅಂತೀನಿ. ಕಾಗದ ಬರೀರಿ, ನನ್ನ ಪಾಳಿನೂ ಬರುತ್ತೆ.” ಸರಿಯಮ್ಮ, ಬರೆದಿದ್ದೇನೆ. ಇನ್ನು ನಿನ್ನ ಪಾಳಿ.

ಕೋಪ ಯಾಕೆಂದು ಊಹಿಸಿದೆ. ನಿನ್ನನ್ನು ಕೇಳದೆ ಕಳಿಸಿದೆನೆಂದು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಶ್ರಾವಣದಲ್ಲಿ ನಿನ್ನ ಕ್ಲಾಸಿಗೆ ಬಂದಿದ್ದೆನಲ್ಲ, ಆಗ ನೋಡಿದೆ. ನೀನು ಮೂರು ಚಾಪೆ ಹಾಸಿದ್ದೆ. ಒಂದರ ಮೇಲೆ ಅಕ್ಷರ ಕೂಡಿಸುವವರು, ಇನ್ನೊಂದರಲ್ಲಿ ಪದ ಓದುವವರು, ಮತ್ತೊಂದರಲ್ಲಿ ಕಥೆಯನ್ನೇ ಸರಸರನೆ ಓದುವವರು. ಪರವಾಗಿಲ್ಲ, ನನ್ನ ಮಗಳು ಮಾಲು ವಿಂಗಡಿಸುವುದನ್ನು ಕಲಿತಿದ್ದಾಳೆ ಅಂದುಕೊಂಡೆ. ನಮ್ಮ ಮಂಡಿಯಲ್ಲಿ ಒಂದನೇ ನಂಬರ್ ಕೊಬ್ಬರಿಯ ಚೀಲಕ್ಕೆ ಹಸಿರು ದಾರದ ಹೊಲಿಗೆ, ಎರಡನೆಯದಕ್ಕೆ ಹಳದಿ, ಕೆಳಗಿನದಕ್ಕೆ ಕೆಂಪು. ಹಮಾಲಿಗೂ ಗೊಂದಲವಿಲ್ಲ, ಖರೀದಿದಾರನಿಗೂ ಇಲ್ಲ. ಯಾವ ಮಗು ಯಾವ ಚಾಪೆಯೆಂದು ನಿಮ್ಮ ಕುಮಾರಸ್ವಾಮಿಯವರೇ ಹೇಳಿದರು, ಅದೇ ಪ್ರಕಾರ ಸ್ವೆಟರು: ಕಥೆಯವರಿಗೆ ಹಸಿರು, ಪದದವರಿಗೆ ಹಳದಿ, ಅಕ್ಷರದವರಿಗೆ ಕೆಂಪು. ಇನ್ನು ನೀನು ಬೆಳಿಗ್ಗೆ ಹೆಸರು ಕೂಗುತ್ತ ಮಕ್ಕಳನ್ನು ಚಾಪೆಗೆ ಅಟ್ಟಬೇಕಾಗಿಲ್ಲ. ಕೆಂಪಿನವರಿಗೆ ಹಸಿರು ಬೇಕೆಂಬ ಛಲವೂ ಹುಟ್ಟುತ್ತದೆ.

ಒಂದು ಥ್ಯಾಂಕ್ಸ್ ಬರೆದರೂ ಸಾಕು.

ಇಂತಿ ನಿನ್ನ ಅಪ್ಪ
ಷಡಕ್ಷರಪ್ಪ


ಹಳೇಬೀಡು
೧೪ ಡಿಸೆಂಬರ್ ೨೦೨೪

ಅಪ್ಪಾ,

ನಮಸ್ಕಾರ. ನಿಮ್ಮ ಕಾಗದ ಬಂದಾಗಿನಿಂದ ಪೆನ್ನು ಹಿಡಿಯುವುದು, ಬಿಡುವುದು ಆಗಿದೆ. ಮೊದಲು ಬರೆದದ್ದನ್ನು ಹರಿದು ಹಾಕಿದೆ.

ಸ್ವೆಟರು ಹಂಚಿದ ದಿನ ನಾನು ತರಬೇತಿಗೆಂದು ಬೇಲೂರಿನಲ್ಲಿದ್ದೆ. ಶುಕ್ರವಾರ ಶಾಲೆಗೆ ಬಂದು ನೋಡಿದರೆ ಮೈದಾನದಲ್ಲಿ ಮಕ್ಕಳು ಮೂರು ಬಣ್ಣವಾಗಿ ನಿಂತಿದ್ದರು. ಹಂಚಿದ ದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು “ಅಕ್ಷರದ ಚಾಪೆಯವರು ಮುಂದೆ ಬನ್ನಿ” ಎಂದು ಒಬ್ಬೊಬ್ಬರನ್ನೇ ಕರೆದು ಕೊಟ್ಟರಂತೆ. ಊರಿನವರೂ ಬಂದಿದ್ದರಂತೆ. ಕೆಂಪು ಅಂದರೆ ಏನೆಂದು ಕೇಳಿದವರಿಗೆ ಅವರೇ ಬಿಡಿಸಿ ಹೇಳಿದ್ದಾರೆ.

ಅಪ್ಪಾ, ಚಾಪೆ ಒಂದು ಗಂಟೆಯದು. ಗಂಟೆ ಹೊಡೆದ ಮೇಲೆ ಸುತ್ತಿ ಮೂಲೆಗೆ ನಿಲ್ಲಿಸುತ್ತೇನೆ. ಆಮೇಲೆ ಎಲ್ಲರೂ ಒಟ್ಟಿಗೆ. ಹದಿನೈದು ದಿನಕ್ಕೊಮ್ಮೆ ಮಕ್ಕಳು ಚಾಪೆ ಬದಲಾಯಿಸುತ್ತಾರೆ, ಯಾರು ಎಲ್ಲಿದ್ದರೆಂದು ಅವರಿಗೇ ಮರೆತುಹೋಗುತ್ತದೆ. ಮರೆಯಲಿ ಎಂದೇ ಹಾಗೆ ಮಾಡುವುದು. ಸ್ವೆಟರನ್ನು ಸುತ್ತಿ ಮೂಲೆಗೆ ನಿಲ್ಲಿಸಲು ಆಗುತ್ತದೆಯೇ? ಅದನ್ನು ಹಾಕಿಕೊಂಡು ಮಗು ಅಂಗಡಿಗೆ ಹೋಗುತ್ತದೆ, ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ.

ಐದನೇ ತರಗತಿಯಲ್ಲಿ ಹೇಮಾಶ್ರೀ ಎಂಬ ಹುಡುಗಿ ಇದ್ದಾಳೆ. ತಾಯಿ ಇಲ್ಲ. ದೇವಸ್ಥಾನದ ಮುಂದೆ ಸೀಬೆಹಣ್ಣು ಮಾರುವ ಹನುಮಮ್ಮನ ಮೊಮ್ಮಗಳು. ಜುಲೈವರೆಗೆ ನನಗೂ ಗೊತ್ತಿರಲಿಲ್ಲ. ಪಾಠವನ್ನು ಕಿವಿಯಲ್ಲೇ ಕೇಳಿ ಕಲಿತು, ಸರಿಯಾದ ಜಾಗಕ್ಕೆ ಪುಟ ತಿರುವಿ, ಬೆರಳನ್ನೂ ಸಾಲಿನ ಕೆಳಗೆ ಸರಿಸುತ್ತ ಒಪ್ಪಿಸುತ್ತಿದ್ದಳು. ಒಂದು ದಿನ ಬೇರೆ ಪುಸ್ತಕ ಕೊಟ್ಟೆ. ಬೆರಳು ಸರಿಯಿತು, ಬಾಯಿ ಬರಲಿಲ್ಲ. ನಾಲ್ಕು ವರ್ಷ ಎಲ್ಲರನ್ನೂ ನಂಬಿಸಿದ ಮಗು ಅಂದು ನನ್ನ ಮುಖ ನೋಡಿದ್ದನ್ನು ಬರೆಯಲು ನನಗೆ ಬರುವುದಿಲ್ಲ. ಅಲ್ಲಿಂದ ಶುರು ಮಾಡಿದೆವು. ನವೆಂಬರಿಗೆ ಕಾಗುಣಿತ ದಾಟಿ ಸಣ್ಣ ಪದಗಳನ್ನು ತಾನೇ ಓದುತ್ತಿದ್ದಳು. ಒತ್ತಕ್ಷರ ಬಂದರೆ ಮಾತ್ರ ನಿಲ್ಲುತ್ತಿದ್ದಳು. ಮುಂದಿನ ವಾರ ಎರಡನೇ ಚಾಪೆಗೆ ಬರುವವಳಿದ್ದಳು.

ಕೆಂಪು ಸ್ವೆಟರು ಕೊಟ್ಟ ಮಾರನೆಯ ದಿನದಿಂದ ಅವಳು ಶಾಲೆಗೆ ಬಂದಿಲ್ಲ. ಎರಡು ಸಲ ಮನೆಗೆ ಹೋದೆ. ಒಳಗಿದ್ದಳು, ಹೊರಗೆ ಬರಲಿಲ್ಲ.

ನೀವೇ ಹೇಳುತ್ತಿದ್ದಿರಿ, ಕಾಯಿ ಅಟ್ಟದ ಮೇಲಿರುವಷ್ಟು ದಿನ ಯಾವನೂ ದರ್ಜೆ ಕಟ್ಟಬಾರದು, ಒಳಗೆ ಇನ್ನೂ ಒಣಗುತ್ತಿದೆ ಎಂದು. ಈ ಮಕ್ಕಳೂ ಅಟ್ಟದ ಮೇಲಿನವೇ ಅಪ್ಪಾ.

ದಯವಿಟ್ಟು ಇನ್ನು ಏನನ್ನೂ ಮಾಡಬೇಡಿ.

ಅರುಣಾ


ಅರಸೀಕೆರೆ
೧೯ ಡಿಸೆಂಬರ್ ೨೦೨೪

ಚಿ. ಅರುಣಾಳಿಗೆ,

ಓದಿದೆ. ನಿನ್ನಮ್ಮನಿಗೂ ಓದಿ ಹೇಳಿದೆ. ಹೇಳಬಾರದಿತ್ತು. ಕಾಂತಮ್ಮನವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ರೀ, ನಿಮ್ಮ ಸಕ್ಕರೆ ಕಾಯಿಲೆ ಎಷ್ಟೈತೆ ಅಂತ ಅಂಗಿ ಮೇಲೆ ಬರೆದು ಮಂಡಿಗೆ ಕಳಿಸ್ಲಾ? ವ್ಯಾಪಾರಕ್ಕೆ ಬಂದೋರಿಗೆ ಗೊಂದಲ ಇರಲ್ಲ,” ಅಂದರು. ಆವತ್ತಿನಿಂದ ನನ್ನ ಕಾಫಿಗೆ ಸಕ್ಕರೆಯೂ ಇಲ್ಲ, ಮಾತೂ ಇಲ್ಲ.

ಆದರೂ ಒಂದು ಕೇಳುತ್ತೇನೆ. ಬಣ್ಣ ಮುಚ್ಚಿಟ್ಟರೆ ಕಮಟು ಕೊಬ್ಬರಿ ಸಿಹಿಯಾಗುತ್ತದೆಯೇ? ಬರುವುದಿಲ್ಲ ಎಂಬುದನ್ನು ಬರುವುದಿಲ್ಲ ಎನ್ನದೆ ಇನ್ನೇನು ಅನ್ನುವುದು? ನನ್ನನ್ನು ನಾಲ್ಕನೇ ಕ್ಲಾಸಿನಲ್ಲಿ ದಡ್ಡ ಎಂದೇ ಕರೆದರು. ಆ ಸಿಟ್ಟಿಗೇ ಪೊಟ್ಟಣ ಕಟ್ಟಿದ ಪೇಪರು, ಲಾರಿಯ ಹಿಂದಿನ ಬರಹ, ಏನು ಸಿಕ್ಕಿದರೂ ಓದಿದೆ. ಸಿಟ್ಟೂ ಒಂದು ಮೇಷ್ಟ್ರೇ ತಾನೆ?

ಸರಿ, ಸೋತೆ ಅಂತಿಟ್ಟುಕೋ. ಪರಿಹಾರ ಸುಲಭ. ಕೆಂಪು ಹಳದಿ ಎಲ್ಲಾ ವಾಪಸು ಕಳಿಸು. ಎಲ್ಲರಿಗೂ ಹಸಿರು ತರಿಸುತ್ತೇನೆ. ಹೇಮಾಶ್ರೀಗೆ ಎರಡು. ಆಯಿತಲ್ಲ?

ಅಪ್ಪ


ಹಳೇಬೀಡು
೨೩ ಡಿಸೆಂಬರ್ ೨೦೨೪

ಅಪ್ಪಾ,

ಆಗಲಿಲ್ಲ. ಕೆಂಪು ಹೋಗಿ ಹಸಿರು ಬಂದರೆ ಯಾಕೆ ಬಂತೆಂದು ಇಡೀ ಊರಿಗೆ ಗೊತ್ತು. ಅದು ಎರಡನೇ ಸಲ ಕರೆದು ಹೇಳಿದ ಹಾಗೆ.

ನಿಮ್ಮ ಸಿಟ್ಟು ನಿಮಗೆ ಓದು ಕಲಿಸಿರಬಹುದು. ನಿಮ್ಮ ಜೊತೆ ದಡ್ಡ ಅನ್ನಿಸಿಕೊಂಡವರು ಇನ್ನೂ ಎಷ್ಟು ಜನ ಇದ್ದರು, ಅವರೆಲ್ಲ ಈಗ ಏನು ಓದುತ್ತಾರೆ, ಕೇಳಿ ನೋಡಿದ್ದೀರಾ?

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ. ಚಿಕ್ಕವರಿದ್ದಾಗ ಮಂಡಿಗೆ ಬಂದವರ ಮುಂದೆ ನನ್ನನ್ನೂ ಅಣ್ಣ ಚನ್ನೇಶನನ್ನೂ ನಿಲ್ಲಿಸಿ, “ಇವಳು ಒಂದನೇ ನಂಬರ್ರು, ಇವನು ದರ್ಜೆ ಇಲ್ಲದ ರಾಶಿ ಮಾಲು” ಅನ್ನುತ್ತಿದ್ದಿರಿ. ಎಲ್ಲರೂ ನಗುತ್ತಿದ್ದರು. ಚನ್ನೇಶನೂ ನಗುತ್ತಿದ್ದ. ಈಗ ದಿನಾ ನಿಮ್ಮ ಪಕ್ಕದಲ್ಲೇ ಕುಳಿತು ಮಂಡಿ ನೋಡಿಕೊಳ್ಳುತ್ತಾನೆ. ಅಣ್ಣ ಈಗಲೂ ನಿಮ್ಮೆದುರು ಪೇಪರ್ ಬಿಡಿಸುವುದಿಲ್ಲ, ಗಮನಿಸಿದ್ದೀರಾ?

ಇಲ್ಲಿಗೆ ಬರಬೇಡಿ. ಹನುಮಮ್ಮನ ಹತ್ತಿರ ನಾನು ಮಾತಾಡುತ್ತಿದ್ದೇನೆ.

ಅರುಣಾ


ಅರಸೀಕೆರೆ
೩೦ ಡಿಸೆಂಬರ್ ೨೦೨೪

ಅರುಣಾ,

ಚನ್ನೇಶನ ವಿಷಯ ಬರೆದಿದ್ದೆ. ಓದಿದೆ.

ಬರಬೇಡಿ ಅಂದಿದ್ದೆ ನೀನು. ನಾನು ಬಂದಿದ್ದೆ. ಶನಿವಾರದ ಬಸ್ಸಿಗೆ ಬಂದು, ನೇರ ಹನುಮಮ್ಮನ ಬುಟ್ಟಿಯ ಮುಂದೆ ನಿಂತೆ. ಟೂರಿಸ್ಟ್ ಅಂದುಕೊಂಡು ಸೀಬೆಹಣ್ಣು ಕುಯ್ಯಲು ಹೋದಳು. ಹೆಸರು ಹೇಳಿದೆ. ಕೈಗೆತ್ತಿಕೊಂಡಿದ್ದನ್ನು ಬುಟ್ಟಿಗೇ ಹಾಕಿಕೊಂಡಳು.

“ಓ, ಸಾವ್ಕಾರ್ರು ನೀವೇನಾ? ನಿಮ್ ಕೊಬ್ರಿ ಚೀಲಕ್ಕೆ ಗುರ್ತು ಹಾಕ್ದಂಗೆ ನಮ್ ಮಗೀಗೂ ಹಾಕ್ಬುಟ್ರಲ್ಲಾ!”

ಮಗು ಬೆಚ್ಚಗಿರಲಿ ಅಂತ ಕೊಟ್ಟದ್ದಮ್ಮ ಅಂದೆ.

“ಬೆಚ್ಚಗೈತೆ, ಬನ್ನಿ ತೋರುಸ್ತೀನಿ,” ಅಂದು, ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಮನೆಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಒಂದು ಮೇಕೆಮರಿ. ಮೈಮೇಲೆ ಕೆಂಪು ಸ್ವೆಟರು, ಮುಂಗಾಲೆರಡೂ ತೋಳಿನೊಳಗೆ. ಬೀದಿಯಲ್ಲಿ ಹೋಗುತ್ತಿದ್ದ ಎರಡು ಹುಡುಗರು ನಿಂತು, “ಏ ಕೆಂಪಿ, ಓದೇ! ಅ ಆ ಅನ್ನೇ!” ಎಂದು ಕೂಗಿದರು. ಮರಿ ಮ್ಯಾ ಅಂದಿತು. ಅವರಿಗೆ ನಗು. ನಗು ಬರುವಂಥದೇ. ನನಗೆ ಬರಲಿಲ್ಲ.

“ಮೊದ್ಲು ಮಗೀಗೇ ಅಂತಿದ್ರು. ಅದುಕ್ಕೆ ಮರೀಗೆ ಹಾಕ್ದೆ. ಮರೀಗೆ ಮಾನ ಇಲ್ವಲ್ಲ,” ಅಂದಳು.

ಜೇಬಿನಲ್ಲಿ ದುಡ್ಡು ಮಡಿಸಿ ಇಟ್ಟುಕೊಂಡಿದ್ದೆ. ತಪ್ಪು ಕಾಣಿಕೆ ಅಂತ ತಿಳಿದುಕೋ ತಾಯಿ ಅಂತ ಮುಂದೆ ಹಿಡಿದೆ. ಕೈ ಹಿಂದಕ್ಕೆ ಕಟ್ಟಿಕೊಂಡಳು. “ತಪ್ಪು ಕಾಣ್ಕೆ ದೇವ್ರಿಗೆ ಹಾಕೋದು ಸಾಮಿ. ದೇವ್ರು ಮರೀತಾನೆ. ಮಗೀಗೆ ಹತ್ತು ವರ್ಸ, ಅದು ಮರಿಯಾಕಿಲ್ಲ.”

ಹುಡುಗಿಯನ್ನು ಕರೆ, ಅವಳ ಹತ್ತಿರವೇ ಮಾತಾಡುತ್ತೇನೆ ಅಂದೆ. ಇಲ್ಲವಂತೆ. ಗುರುವಾರ ಚಿಕ್ಕಮ್ಮ ಮಾರಮ್ಮ ಬಂದು ಬಾಣಾವರಕ್ಕೆ ಕರೆದುಕೊಂಡು ಹೋದಳಂತೆ. ಅಲ್ಲೇ ಶಾಲೆಗೆ ಸೇರಿಸುತ್ತಾರಂತೆ. “ಅಲ್ಲಿ ಯಾರ್ಗೂ ಬಣ್ಣ ಗೊತ್ತಿಲ್ಲ,” ಅಂದಳು.

ನಿನ್ನ ಶಾಲೆಯ ಗೇಟಿನವರೆಗೆ ಬಂದೆ. ಒಳಗೆ ಮಕ್ಕಳು ಓದುತ್ತಿದ್ದ ಸದ್ದು ಕೇಳಿತು. ಹಿಂದಿರುಗಿದೆ. ನಿನಗೆ ಈ ಸುದ್ದಿ ಮೊದಲೇ ಗೊತ್ತಿತ್ತೋ ಇಲ್ಲವೋ ತಿಳಿಯದು. ಗೊತ್ತಿಲ್ಲದಿದ್ದರೆ, ನನ್ನಿಂದಲೇ ತಿಳಿಯುವ ಹಾಗಾಯಿತು.

ಅಪ್ಪ


ಹಳೇಬೀಡು
೬ ಜನವರಿ ೨೦೨೫

ಅಪ್ಪಾ,

ಗೊತ್ತಿರಲಿಲ್ಲ. ನಾನು ಪಾಠ ಮಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಟಿ.ಸಿ. ಬರೆದುಕೊಟ್ಟಿದ್ದಾರೆ. ಹೆಡ್‌ಮಾಸ್ಟರರನ್ನು ಕೇಳಿದೆ. “ಹೋಗೋ ಮಗು, ಒಳ್ಳೇದೇ ಬರೆದಿದ್ದೀನಿ ಬಿಡಿ ಮೇಡಂ. ಎಲ್ಲಾ ವಿಷಯದಲ್ಲೂ ಉತ್ತಮ,” ಅಂದರು. ಉಪಕಾರ ಮಾಡಿದ ಮುಖ.

ಎರಡು ರಾತ್ರಿಯಿಂದ ಒಂದೇ ಯೋಚನೆ. ಬಾಣಾವರದ ಟೀಚರಿಗೆ ಹೇಳಬೇಕೇ, ಬೇಡವೇ? ಹೇಳದಿದ್ದರೆ, ಉತ್ತಮ ಎಂದು ಬರೆಸಿಕೊಂಡು ಬಂದ ಹುಡುಗಿಯನ್ನು ಯಾರು ಪರೀಕ್ಷಿಸುತ್ತಾರೆ? ಅವಳು ಮತ್ತೆ ಕಿವಿಯಲ್ಲೇ ಕಲಿತು ಪುಟ ತಿರುವುತ್ತಾಳೆ. ಅದರಲ್ಲಿ ಅವಳು ನಿಪುಣೆ. ಏಳನೆಯದಕ್ಕೋ ಎಂಟನೆಯದಕ್ಕೋ ಸಿಕ್ಕಿಬೀಳುತ್ತಾಳೆ, ಆಗ ಚಾಪೆ ಹಾಸುವವರು ಯಾರೂ ಇರುವುದಿಲ್ಲ. ಹೇಳಿದರೆ, ಯಾವ ಹೆಸರಿನಿಂದ ಓಡಿಹೋದಳೋ ಅದನ್ನು ನಾನೇ ಅವಳಿಗಿಂತ ಮೊದಲು ಅಲ್ಲಿಗೆ ಮುಟ್ಟಿಸಿದ ಹಾಗಾಗುತ್ತದೆ. ಆ ಟೀಚರು ಎಂಥವರೋ. ಲತಾಮಣಿ ಅಂತ ಹೆಸರಂತೆ, ಅಷ್ಟೇ ಗೊತ್ತು.

ಮಕ್ಕಳಿಗೆ ಓದಿಸುವುದರ ಬಗ್ಗೆ ಬೇಲೂರಿನಲ್ಲಿ ಮೂರು ದಿನ ಹೇಳಿದರು. ಇದನ್ನು ಯಾರೂ ಹೇಳಲಿಲ್ಲ.

ಬಾಣಾವರ ನಿಮಗೆ ಹತ್ತಿರ. ಹೋಗಿ ಎಂದು ಹೇಳುತ್ತಿಲ್ಲ. ಹೋಗಬೇಡಿ ಎಂದೂ ಈ ಸಲ ಹೇಳುತ್ತಿಲ್ಲ.

ಅರುಣಾ


ಅರಸೀಕೆರೆ
೧೮ ಜನವರಿ ೨೦೨೫

ಅರುಣಾ,

ಸಂಕ್ರಾಂತಿ ಮುಗಿಸಿಕೊಂಡು ನಿನ್ನೆ ಬಾಣಾವರಕ್ಕೆ ಹೋಗಿದ್ದೆ. ಟೀಚರಿಗೆ ಎಲ್ಲವನ್ನೂ ಹೇಳಿಬಿಡುವುದು ಅಂತ ನಿರ್ಧರಿಸಿಕೊಂಡೇ ಬಸ್ಸು ಹತ್ತಿದೆ. ವ್ಯಾಪಾರದಲ್ಲಿ ದೋಷ ಮುಚ್ಚಿ ಮಾಲು ಸಾಗಿಸಿದರೆ ಅದು ಮೋಸ. ಇದು ನನ್ನ ಕಾನೂನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆದರೆ ಮೊದಲು ಹುಡುಗಿಯ ಮುಖ ನೋಡಬೇಕೆನ್ನಿಸಿತು. ಮುಖ ನೋಡದೆ ಬಣ್ಣ ಕಳಿಸಿದವನು ನಾನು.

ಮಾರಮ್ಮನ ಮನೆ ಸ್ಟೇಷನ್ನಿನ ಹಿಂದೆ. ಶಾಲೆಗೆ ಇನ್ನೂ ಹೊತ್ತಿತ್ತು. ಹುಡುಗಿ ಜಗಲಿಯ ಮೇಲೆ ಕುಳಿತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಸಣ್ಣ ಆಳು, ದೊಡ್ಡ ಕಣ್ಣು.

“ನಾನ್ಯಾರು ಗೊತ್ತೇನವ್ವಾ?”

“ಹೂಂ. ಸ್ವೆಟರ್ ತಾತ.”

ಮಾರಮ್ಮ ಅವಳ ಜಡೆ ಎಳೆದು ಸುಮ್ಮನಿರಿಸಲು ನೋಡಿದಳು. ಬಿಡವ್ವ ಅಂದೆ. ಐವತ್ತು ವರ್ಷ ವ್ಯಾಪಾರ ಮಾಡಿ ಸಂಪಾದಿಸಿದ ಹೆಸರು ಇದೇ ಇರಬಹುದು.

ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬದಿಗಿಟ್ಟೆ. ಸುಮ್ಮನೆ ಕೇಳಿದೆ: “ನೀನು ಎಲ್ಲಿಗಂಟ ಓದ್ತೀಯ ಅಂತ ನಿಮ್ ಹೊಸ ಟೀಚರ್‌ಗೆ ಹೇಳ್ಲಾ, ಬ್ಯಾಡ್ವಾ?”

“ಯಾಕೆ?”

“ಅಲ್ಲಿಂದ ಮುಂದಕ್ಕೆ ಕಲುಸ್ತಾರೆ.”

“ಎಲ್ಲಾರ್ಗೂ ಗೊತ್ತಾಯ್ತದೆ.”

“ಹೇಳ್ದೆ ಇದ್ರೆ ಏನ್ಮಾಡ್ತೀಯ?”

“ಎಲ್ಲಾರೂ ಓದುವಾಗ ಬಾಯಿ ಆಡುಸ್ತೀನಿ. ಯಾರ್ಗೂ ಗೊತ್ತಾಗಲ್ಲ.” ನೆಲ ನೋಡುತ್ತ ಅಂದಳು: “ಅರುಣಾ ಮಿಸ್‌ಗೆ ಗೊತ್ತಾಯ್ತು.”

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ, ಅರುಣಾ. ಹೇಗೆ ಹೇಳಿದಳೆಂದು ಬರೆಯಲು ನನಗೂ ಬರುವುದಿಲ್ಲ.

“ಹಂಗಾದ್ರೆ ಹೇಳ್ಲಾ?” ಅಂದೆ.

“ನೀವ್ ಹೇಳ್ಬ್ಯಾಡಿ. ನೀವ್ ಹೇಳಿದ್ರೆ ಊರ್ಗೇ ಕೇಳಿಸ್ತದೆ. ಹೇಳಾದಾದ್ರೆ ನಾನೇ ಹೇಳ್ತೀನಿ.”

“ಯಾವಾಗ?”

“ನೋಡ್ತೀನಿ.”

ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಬೇರೆ ಹುಡುಗಿಯರು ಸೇರಿಕೊಂಡರು. ನಾನು ದೂರದಲ್ಲಿ ಹಿಂದೆ ನಡೆದೆ. ಗೇಟಿನಲ್ಲಿ ಟೀಚರು ನಿಂತಿದ್ದರು. ಲತಾಮಣಿಯವರೇ ಇರಬೇಕು, ಮಕ್ಕಳೆಲ್ಲ ನಮಸ್ತೆ ಮಿಸ್ ಅನ್ನುತ್ತಿದ್ದರು. “ಏನ್ ಬೇಕಾಗಿತ್ತು ಯಜಮಾನ್ರೇ?” ಎಂದು ನನ್ನನ್ನು ಕೇಳಿದರು. ಹೇಮಾಶ್ರೀ ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದಳು. ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನ ಮಟ್ಟಿಗೆ ಅದನ್ನು ನುಂಗುವುದು ಎಷ್ಟು ಕಷ್ಟವೆಂದು ನಿನಗೆ ಗೊತ್ತು.

“ಏನಿಲ್ಲಮ್ಮ, ಸ್ಟೇಷನ್ ದಾರಿ ತಪ್ಪಿದೆ,” ಅಂದೆ. ಸ್ಟೇಷನ್ನು ನನ್ನ ಬೆನ್ನ ಹಿಂದೆಯೇ ಕಾಣುತ್ತಿತ್ತು.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ನೀನೇ ಹೇಳು. ಅವಳು ಹೇಳದೆ ಹೋದರೆ?

ಅಪ್ಪ


ಹಳೇಬೀಡು
೨೬ ಜನವರಿ ೨೦೨೫

ಅಪ್ಪಾ,

ಗೊತ್ತಿಲ್ಲ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾನಾಗಿದ್ದರೆ ಬಹುಶಃ ಟೀಚರಿಗೆ ಹೇಳಿಬಿಡುತ್ತಿದ್ದೆ. ಅವಳನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಇವತ್ತು ಧ್ವಜ ಹಾರಿಸಲು ಮಕ್ಕಳು ಚಳಿಯಲ್ಲೇ ಬಂದಿದ್ದರು. ಹಸಿರಿನವರು ಸ್ವೆಟರು ಹಾಕಿಕೊಂಡಿದ್ದರು. ಕೆಂಪಿನವರಲ್ಲಿ ಒಬ್ಬರೂ ಹಾಕಿರಲಿಲ್ಲ. ಕೈ ಕಟ್ಟಿಕೊಂಡು ನಡುಗುತ್ತ ನಿಂತಿದ್ದರು. ಚಾಪೆ ಹಾಸುವುದನ್ನು ಒಂದು ವಾರ ನಿಲ್ಲಿಸಿದ್ದೆ. ಈಗ ಹಾಸಿದರೂ ಮೊದಲಿನ ಹಾಗಿಲ್ಲ. ಮಕ್ಕಳು ಕೂರುವ ಮೊದಲು ಕಿಟಕಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾರೆ.

ಏನಾದರೂ ತಿಳಿದರೆ ಬರೆಯಿರಿ.

ಅರುಣಾ


ಅರಸೀಕೆರೆ
೧೩ ಫೆಬ್ರುವರಿ ೨೦೨೫

ಚಿ. ಅರುಣಾಳಿಗೆ,

ಮಾರಮ್ಮ ಸಾಮಾನಿಗೆಂದು ಅರಸೀಕೆರೆಗೆ ಬಂದವಳು ಮಂಡಿಗೂ ಬಂದಿದ್ದಳು. ನನ್ನ ಮೇಲೆ ಪ್ರೀತಿಯಿಂದಲ್ಲ, ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತು.

ಹೇಮಾಶ್ರೀ ಮೊದಮೊದಲು ಬಾಯಿ ಆಡಿಸಿದ್ದಾಳೆ. ಕಳೆದ ವಾರ ಟೀಚರು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರಂತೆ. ಇವಳ ಸರದಿ ಬಂತು. ಎದ್ದು ನಿಂತಳು. ಹಿಂದಿನವರು ಓದಿದ್ದನ್ನು ಕೇಳಿಸಿಕೊಂಡಿದ್ದಳು, ಬೇಕಾಗಿದ್ದರೆ ಒಪ್ಪಿಸಬಹುದಿತ್ತು. ಪುಸ್ತಕ ಮಡಚಿ, “ಮಿಸ್, ನಂಗೆ ಒತ್ತಕ್ಷರ ಬರಲ್ಲ,” ಅಂದಳಂತೆ. ಇಡೀ ಕ್ಲಾಸು ನಕ್ಕಿತಂತೆ. ಟೀಚರು ಟಿ.ಸಿ. ತೆಗೆಸಿ ನೋಡಿ, “ಉತ್ತಮ ಅಂತ ಬರೆದವರೆ, ಇದೇನಮ್ಮ?” ಅಂದು, ಕನ್ನಡದ ಪೀರಿಯಡ್ಡಿಗೆ ಅವಳನ್ನು ಮೂರನೇ ಕ್ಲಾಸಿಗೆ ಕಳಿಸಿದ್ದಾರೆ. ದಿನಾ, ಎಲ್ಲರ ಮುಂದೆ ಚೀಲ ಎತ್ತಿಕೊಂಡು ಆ ಕೋಣೆಗೆ ಹೋಗಬೇಕು. ನಿನ್ನ ಹಾಗೆ ಚಾಪೆ ಸುತ್ತಿಡುವವರಲ್ಲ ಅವರು. ಕೆಟ್ಟವರೂ ಅಲ್ಲ ಅನ್ನಿಸುತ್ತದೆ. ಗೊತ್ತಿಲ್ಲದವರು, ನನ್ನ ಹಾಗೆ.

ಮಾರಮ್ಮ ಜಗಳಕ್ಕೆ ಹೊರಟಿದ್ದಳಂತೆ. ಹುಡುಗಿ ಸೆರಗು ಹಿಡಿದು ನಿಲ್ಲಿಸಿದ್ದಾಳೆ. “ಹೋಗ್ಬ್ಯಾಡ ಚಿಕ್ಕವ್ವ. ಅಲ್ಲಿ ಒತ್ತಕ್ಷರ ನಡೀತಾ ಐತೆ. ನಂಗೆ ಬೇಕಾಗಿರಾದು ಅದೇ.”

ಇಷ್ಟು ಹೇಳಿ ಮಾರಮ್ಮ ಅತ್ತಳು. ಚನ್ನೇಶ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ಅವನ ಹತ್ತಿರ ಹೇಗೆ ಶುರು ಮಾಡುವುದೆಂದು ನನಗೆ ತಿಳಿಯುತ್ತಿಲ್ಲ.

ಕೊನೆಯ ಲೆಕ್ಕ ಬರೆದುಬಿಡುತ್ತೇನೆ. ಯಾರಿಗೆ ಏನು ಸಿಕ್ಕಿತು ಅಂತ. ಕುಮಾರಸ್ವಾಮಿಯವರಿಗೆ ಒಳ್ಳೆಯ ಹೆಸರು. ಹನುಮಮ್ಮನಿಗೆ ಮೊಮ್ಮಗಳಿಲ್ಲದ ಮನೆ. ನಿನಗೆ ಒಬ್ಬ ವಿದ್ಯಾರ್ಥಿನಿ ಕಡಿಮೆ, ಉಳಿದವರು ಕಿಟಕಿ ನೋಡುವ ಮಕ್ಕಳು. ಚನ್ನೇಶನಿಗೆ ಏನೂ ಇಲ್ಲ, ಇಲ್ಲಿಯವರೆಗೆ. ನನಗೆ, ಕೊಡುವ ಮೊದಲು ಕೇಳಬೇಕೆಂಬ ಬುದ್ಧಿ, ಅರವತ್ತೆಂಟನೇ ವಯಸ್ಸಿನಲ್ಲಿ. ಹೇಮಾಶ್ರೀಗೆ ಮೂರನೇ ಕ್ಲಾಸಿನಲ್ಲಿ ಒಂದು ಜಾಗ. ಮಾರಮ್ಮ ಹೇಳಿದ ಪ್ರಕಾರ, ನಿನ್ನೆಯವರೆಗೆ, ಕ ಒತ್ತು, ತ ಒತ್ತು, ಲ ಒತ್ತು.

ಇಂತಿ
ಅಪ್ಪ